ಮುಚ್ಚಳ ತೆಗೆಸುವವರು ಯಾರು?

ಹೋಟೆಲಿನ ಹಿಂದಿನ ಕಕ್ಕಸು ಗುಂಡಿ ತುಂಬಿದರೆ ಇಡೀ ಪೇಟೆಗೆ ಗೊತ್ತಾಗುತ್ತದೆ. ಗಿರಾಕಿ ಅರ್ಧ ದೋಸೆ ಬಿಟ್ಟು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಾನೆ. ಪಕ್ಕದ ಬಟ್ಟೆ ಅಂಗಡಿಯವರು ಜಗಳಕ್ಕೆ ಬರುತ್ತಾರೆ. ಕಟ್ಟಡದ ಮಾಲೀಕರು ಬಾಡಿಗೆದಾರನ ಕಡೆ ಬೆರಳು ತೋರಿಸುತ್ತಾರೆ, ಬಾಡಿಗೆದಾರ ಮಾಲೀಕರ ಕಡೆ. ಆಫೀಸಿಗೆ ಫೋನು ಮಾಡಿದರೆ "ಮೆಷಿನ್ ಬೇರೆ ವಾರ್ಡಿಗೆ ಹೋಗಿದೆ, ನಾಳೆ ನೋಡೋಣ" ಎಂಬ ಉತ್ತರ. ಆಗ ಯಾರಾದರೊಬ್ಬ ಹಿತೈಷಿ ಮೆಲ್ಲಗೆ ಹೇಳುತ್ತಾನೆ: "ಆ ಕಾಲೋನೀಲಿ ಒಬ್ಬ ಇದಾನೆ, ಕರೆಸ್ಬಿಡಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸದ್ದಿಲ್ಲದೆ ಮುಗಿಸಿಕೊಡ್ತಾನೆ."

ಯಾವ ಕಾಲೋನಿ, ಅದೇ ಕಾಲೋನಿ ಯಾಕೆ, ರಾತ್ರಿಯೇ ಯಾಕೆ ಅಂತ ಯಾರೂ ಕೇಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೇಳದೆ ಇರುವುದೇ ಪೇಟೆಯ ಶಿಷ್ಟಾಚಾರ.

ಆದರೆ ಆ ರಾತ್ರಿಯ ಕೆಲಸ ಮಾಡಿಸುವುದು ಜೈಲಿಗೆ ಹೋಗುವಂಥ ಅಪರಾಧ. 2013ರ ಕಾನೂನಿನ ಪ್ರಕಾರ ಚರಂಡಿಗಾಗಲಿ, ಸೆಪ್ಟಿಕ್ ಟ್ಯಾಂಕಿಗಾಗಲಿ ಅಪಾಯಕಾರಿ ರೀತಿಯಲ್ಲಿ ಮನುಷ್ಯನನ್ನು ಇಳಿಸುವಂತಿಲ್ಲ. ಇಳಿಸಿದವರಿಗೆ ಮೊದಲ ಸಲ 2 ವರ್ಷದವರೆಗೆ ಸಜೆ, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಅದೇ ತಪ್ಪು ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದು. ಜಾಮೀನು ಹಕ್ಕಿನ ಮೇಲೆ ಸಿಗುವುದಿಲ್ಲ. ಈ ಮಾತು ಪುರಸಭೆಗೆ ಮಾತ್ರವಲ್ಲ, ಹೋಟೆಲಿನವರಿಗೂ, ಲಾಡ್ಜಿನವರಿಗೂ, ಮನೆ ಯಜಮಾನರಿಗೂ ಅನ್ವಯಿಸುತ್ತದೆ.

ವಿಚಿತ್ರವೆಂದರೆ, ಈ ಕಾನೂನಿನ ಹಿಂದಿನ ಹೋರಾಟದ ಒಂದು ಬೇರು ಇದೇ ಕೋಲಾರ ಜಿಲ್ಲೆಯಲ್ಲಿದೆ.

ಚಿನ್ನದ ಊರಿನ ಬಕೆಟ್ಟು

ಕೆಜಿಎಫ್ ಎಂದರೆ ಜನರಿಗೆ ನೆನಪಾಗುವುದು ಚಿನ್ನ. ಬೆಂಗಳೂರಿಗೆ ಬೆಳಕು ಬರುವ ಮೊದಲೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಈ ಗಣಿಗಳಿಗೆ ಬಂತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಗೆ ಮನುಷ್ಯರನ್ನು ಇಳಿಸಿ, ಜೀವಂತ ಮೇಲೆ ತರುವ ಯಂತ್ರಗಳೂ ಬಂದವು. ಸಾಹೇಬರಿಗೆ ಬಂಗಲೆ, ಕ್ಲಬ್ಬು, ಆಸ್ಪತ್ರೆ. ಕೂಲಿಗಳಿಗೆ ಸಾಲು ಮನೆಗಳ ಲೈನು, ಆ ಲೈನಿಗೊಂದು ಸಾಮೂಹಿಕ ಒಣ ಕಕ್ಕಸು. ಆ ಕಕ್ಕಸಿಗೆ ನೀರಿನ ವ್ಯವಸ್ಥೆ ಬರಲಿಲ್ಲ. ಬಂದದ್ದು ಬಕೆಟ್ಟು ಹಿಡಿದ ಮನುಷ್ಯರು. ವಿದ್ಯುತ್ತು ಬಂದು ತೊಂಬತ್ತು ವರ್ಷವಾದರೂ ಆ ಬಕೆಟ್ಟು ಅಲ್ಲಿಂದ ಹೋಗಿರಲಿಲ್ಲ.

ಅಂಥದೇ ಕೆಲಸದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಓದು ಮುಗಿಸಿ ಉದ್ಯೋಗ ವಿನಿಮಯ ಕಚೇರಿಗೆ ಹೋದಾಗ, ಏನು ಕೆಲಸ ಬೇಕು ಅಂತ ಕೇಳದೆಯೇ, ಅವರ ಅರ್ಜಿಯಲ್ಲಿ ಮಲ ಬಳಿಯುವ ಕೆಲಸ ಎಂದು ಬರೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಜಾತಿ ನೋಡಿ ಕೆಲಸ ಬರೆಯುವುದಕ್ಕೆ ಗುಮಾಸ್ತನಿಗೆ ಯಾವ ಸರ್ಕಾರಿ ಆದೇಶವೂ ಬೇಕಿರಲಿಲ್ಲ. ಪೇಟೆಯ ಹಿತೈಷಿಗೂ ಇವತ್ತು ಬೇಕಿಲ್ಲ.

ವಿಲ್ಸನ್ ಮಾಡಿದ ಕೆಲಸ ದೊಡ್ಡ ಭಾಷಣವಲ್ಲ. ಒಣ ಕಕ್ಕಸುಗಳ ಫೋಟೋ ತೆಗೆದರು. ಗಣಿ ಆಡಳಿತಕ್ಕೆ ಕಾಗದ ಬರೆದರು. ಉತ್ತರ ಬರದಿದ್ದಾಗ ಮೇಲಿನವರಿಗೆ ಬರೆದರು, ಪತ್ರಿಕೆಗಳಿಗೂ ಫೋಟೋ ಕಳಿಸಿದರು, ಕೋರ್ಟಿಗೆ ಹೋಗುವೆನೆಂದರು. ಅಲ್ಲಿಯವರೆಗೆ ಯಾರ ಕಣ್ಣಿಗೂ ಕಾಣದಿದ್ದ ಬಕೆಟ್ಟು ಫೋಟೋದಲ್ಲಿ ಬಂದ ಕೂಡಲೆ ಎಲ್ಲರಿಗೂ ಕಂಡಿತು. 1990ರ ದಶಕದಲ್ಲಿ ಆಡಳಿತ ತುರ್ತು ಸಭೆ ಸೇರಿ, ಒಣ ಕಕ್ಕಸುಗಳನ್ನು ನೀರಿನ ಕಕ್ಕಸು ಮಾಡುವುದಕ್ಕೂ, ಕೆಲಸಗಾರರನ್ನು ಬೇರೆ ಕೆಲಸಕ್ಕೆ ಹಾಕುವುದಕ್ಕೂ ಒಪ್ಪಿತು. ಗಣಿಯೇ 2001ರಲ್ಲಿ ಮುಚ್ಚಿತು. ಆದರೆ ಅಲ್ಲಿ ಹೊತ್ತಿದ ಕಿಡಿ ದೆಹಲಿಯವರೆಗೆ ಹೋಯಿತು.

ಹನ್ನೊಂದು ವರ್ಷದ ಅರ್ಜಿ

ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕ 1970ರ ದಶಕದಲ್ಲೇ ನಿಷೇಧಿಸಿತ್ತು. ಆಗ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದವರು ಬಿ. ಬಸವಲಿಂಗಪ್ಪ. ಇಡೀ ದೇಶದ ಮಟ್ಟದಲ್ಲಿ ಸಂಸತ್ತು ಕಾನೂನು ಮಾಡಿದ್ದು 1993ರಲ್ಲಿ, ಅದು ಜಾರಿಗೆ ಬಂದದ್ದು 1997ರ ಜನವರಿ 26ಕ್ಕೆ. ಜಾರಿಗೆ ಬಂತು ಅನ್ನುವುದು ಗೆಜೆಟ್ಟಿನ ಮಾತು. ಊರೂರಲ್ಲಿ ಬುಟ್ಟಿ, ಪೊರಕೆ, ತಗಡು ಹಾಗೇ ಇದ್ದವು. "ನಮ್ಮಲ್ಲಿ ಅಂಥದ್ದು ಇಲ್ಲವೇ ಇಲ್ಲ" ಅಂತ ಸರ್ಕಾರಗಳು ಬರೆದುಕೊಟ್ಟದ್ದೇ ಬರೆದುಕೊಟ್ಟದ್ದು.

ಇಲ್ಲ ಅನ್ನುವವರ ಮುಂದೆ ಇದೆ ಅಂತ ತೋರಿಸುವುದೇ ಸಫಾಯಿ ಕರ್ಮಚಾರಿ ಆಂದೋಲನದ ಕೆಲಸವಾಯಿತು. ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್, ಹೋರಾಟಗಾರ ಪಾಲ್ ದಿವಾಕರ್ ಅವರ ಜೊತೆ ಸೇರಿ ವಿಲ್ಸನ್ ಕಟ್ಟಿದ ಸಂಘಟನೆ ಇದು. ಬೀದಿ ಬೀದಿ ಸುತ್ತಿ ಪಟ್ಟಿ ಮಾಡಿದರು. ಹೆಸರು, ಫೋಟೋ, ಜಾಗ, ಎಲ್ಲ ಕೂಡಿಸಿದರು. ಕೆಲಸ ಬಿಟ್ಟ ಹೆಂಗಸರು ತಮ್ಮ ಬುಟ್ಟಿಗಳನ್ನು ತಾವೇ ಸುಟ್ಟರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಅರ್ಜಿಗೆ ಅಂತಿಮ ತೀರ್ಪು ಬಂದದ್ದು 2014ರ ಮಾರ್ಚ್ 27ಕ್ಕೆ, ಹನ್ನೊಂದು ವರ್ಷದ ಮೇಲೆ. 1993ರಿಂದ ಈಚೆಗೆ ಚರಂಡಿ, ಗುಂಡಿಗಳಲ್ಲಿ ಸತ್ತವರ ಮನೆಯವರಿಗೆ ತಲಾ 10 ಲಕ್ಷ ಕೊಡಿ ಎಂದಿತು ಕೋರ್ಟು. 2023ರ ಅಕ್ಟೋಬರ್ 20ರ ಇನ್ನೊಂದು ತೀರ್ಪಿನಲ್ಲಿ ಅದು 30 ಲಕ್ಷಕ್ಕೆ ಏರಿತು.

ಅಂಬೇಡ್ಕರರ 125ನೇ ಜಯಂತಿಯ ಹೊತ್ತಿಗೆ ಇದೇ ಜನ 125 ದಿನ ಬಸ್ಸಿನಲ್ಲಿ ದೇಶ ಸುತ್ತಿ, 2016ರ ಏಪ್ರಿಲ್ 13ರಂದು ದೆಹಲಿ ಸೇರಿದರು. ಗುಂಡಿಯಲ್ಲಿ ಸತ್ತವರ ಹೆಂಡಿರು ಮಕ್ಕಳೂ ಯಾತ್ರೆಯಲ್ಲಿ ದನಿಗೂಡಿಸಿದರು. ಅವರು ಕೇಳಿದ್ದು ಒಂದೇ ಮಾತು: ನಮ್ಮನ್ನು ಕೊಲ್ಲುವುದನ್ನು ನಿಲ್ಲಿಸಿ. ಅದೇ ವರ್ಷ ವಿಲ್ಸನ್‌ಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಾರ, ಶಾಲು, ಸನ್ಮಾನ ಎಲ್ಲ ಆಯಿತು. ಗುಂಡಿಯ ಮುಚ್ಚಳ ಮಾತ್ರ ತೆಗೆಯುತ್ತಲೇ ಇದೆ.

ಹೆಸರು ಬದಲಾಯಿಸಿದರೆ ಸಾವು ಇಲ್ಲವಾದೀತೆ?

ಈ ನಾಡಿನಲ್ಲೇ ಇನ್ನೊಂದು ಘಟನೆ ಮರೆಯುವಂತಿಲ್ಲ. 2010ರ ಜುಲೈ ತಿಂಗಳು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಮಲ ಬಳಿದ ಕುಟುಂಬದವರು ಸಾರ್ವಜನಿಕವಾಗಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಅವರು ವಾಸವಿದ್ದ ಜಾಗ ಖಾಲಿ ಮಾಡಿ ಎಂದದ್ದು ಪುರಸಭೆ. ಆ ಜಾಗದಲ್ಲಿ ಬರಬೇಕಾಗಿದ್ದದ್ದು ವಾಣಿಜ್ಯ ಮಳಿಗೆ. ಊರಿನ ಹೊಲಸು ತೆಗೆಯಲಿಕ್ಕೆ ಬೇಕಾದವರು ಊರಿಗೆ ಅಂಗಡಿ ಬೇಕಾದಾಗ ಬೇಡವಾದರು. ಮಂತ್ರಿಗಳು, ಅಧಿಕಾರಿಗಳು ಓಡಿಬಂದರು. ಮೈಮೇಲೆ ಸುರಿದುಕೊಳ್ಳುವವರೆಗೆ ಯಾರೂ ಬಂದಿರಲಿಲ್ಲ ಎಂಬುದೇ ಅಲ್ಲಿಯ ಪಾಠ.

ದೆಹಲಿಯ ಲೆಕ್ಕ ಇನ್ನೂ ಚೆಂದ. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತು: ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ. ಹಾಗಾದರೆ ಚರಂಡಿ, ಸೆಪ್ಟಿಕ್ ಟ್ಯಾಂಕು ಶುಚಿ ಮಾಡುವಾಗ? ಅದಕ್ಕೆ ಅದೇ ಸರ್ಕಾರ ಕೊಟ್ಟ ಸಂಖ್ಯೆ 941. ಅಂದರೆ ಮನುಷ್ಯ ಸತ್ತಿದ್ದಾನೆ, ಆದರೆ ಆ ಹೆಸರಿನ ಕೆಲಸದಲ್ಲಿ ಸತ್ತಿಲ್ಲ. ವಿಧವೆಗೆ ಈ ವ್ಯತ್ಯಾಸ ತಿಳಿಸಿ ಹೇಳುವ ಪಂಡಿತರು ಯಾರಾದರೂ ಇದ್ದರೆ ಬರಲಿ.

ಸಾಯುವುದಾದರೂ ಹೇಗೆ? ಮುಚ್ಚಿದ ಗುಂಡಿಯಲ್ಲಿ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ತುಂಬಿರುತ್ತವೆ. ಉಸಿರಾಡುವ ಗಾಳಿಗೆ ಅಲ್ಲಿ ಜಾಗವಿರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಜಾಸ್ತಿಯಾದರೆ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ. "ವಾಸನೆ ಕಮ್ಮಿ ಆಯ್ತು, ಇಳಿ" ಅಂದ ಹೊತ್ತೇ ಕೊನೆಯ ಹೊತ್ತಾಗಬಹುದು. ಎರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಮೇಲೆ ನಿಂತವನು ತಮ್ಮನೋ ಭಾವನೋ ಆಗಿರುತ್ತಾನೆ. ಎಳೆಯಲಿಕ್ಕೆ ಅವನೂ ಇಳಿಯುತ್ತಾನೆ. ಅದಕ್ಕೇ ಇಂಥ ಸುದ್ದಿಗಳಲ್ಲಿ ಎಷ್ಟೋ ಸಲ ಒಂದು ಹೆಣದ ಜೊತೆ ಇನ್ನೊಂದು ಇರುತ್ತದೆ. ಕುಡಿದು ಇಳಿದ ಅನ್ನುವವರಿದ್ದಾರೆ. ಕುಡಿಯದೆ ಆ ಗುಂಡಿಗೆ ಇಳಿಯಲು ಅವರಾದರೂ ಒಪ್ಪುವರೇ?

ಪೇಟೆಯ ಮೂರು ಸಬೂಬು

ಈ ಮಾತು ತೆಗೆದರೆ ಪೇಟೆಯಲ್ಲಿ ಮೂರು ಸಬೂಬು ಸಿದ್ಧವಿರುತ್ತವೆ.

ಮೊದಲನೆಯದು, "ಬಲವಂತ ಯಾರು ಮಾಡಿದರು? ಅವನೇ ಬರ್ತಾನೆ." ಬರುತ್ತಾನೆ, ನಿಜ. ಬೇರೆ ಕೆಲಸ ಕೇಳಿಕೊಂಡು ಇದೇ ಅಂಗಡಿಗಳಿಗೆ ಬಂದಾಗ ಕಾಲೋನಿಯ ಹೆಸರು ಕೇಳಿ ವಾಪಸು ಕಳಿಸಿದವರೂ ಇದ್ದಾರೆ. ಎಲ್ಲ ಬಾಗಿಲು ಮುಚ್ಚಿ ಒಂದು ಗುಂಡಿ ಮಾತ್ರ ತೆರೆದಿಟ್ಟರೆ, ಅದರಲ್ಲಿ ಇಳಿದದ್ದು ಅವನ ಇಷ್ಟ ಎನ್ನಲಾಗದು. ಕಾನೂನೂ ಇಷ್ಟವೋ ಕಷ್ಟವೋ ಎಂದು ಕೇಳುವುದಿಲ್ಲ, ಇಳಿಸಿದವರು ಯಾರು ಎಂದಷ್ಟೇ ಕೇಳುತ್ತದೆ.

ಎರಡನೆಯದು, "ಗಲ್ಲಿಗೆ ಮೆಷಿನ್ ಬರೋಲ್ಲ." ಇದರಲ್ಲಿ ಅರ್ಧ ಸತ್ಯವಿದೆ. ಹಳೆ ಪೇಟೆಗಳಲ್ಲಿ ಲಾರಿ ನುಗ್ಗದ ಓಣಿಗಳಿವೆ. ಗುಂಡಿಯ ಮೇಲೆ ಕಲ್ಲು ಚಪ್ಪಡಿ, ಅದರ ಮೇಲೆ ಸಿಮೆಂಟು, ಅದರ ಮೇಲೆ ಗೋಡೌನು ಕಟ್ಟಿದವರೂ ಇದ್ದಾರೆ. ಆದರೆ ಯಂತ್ರ ಪೂರ್ತಿ ಒಳಗೆ ಬರಬೇಕಿಲ್ಲ, ಪೈಪು ಬಂದರೆ ಸಾಕು. ತುಂಬಿ ಉಕ್ಕಿದ ದಿನ ಯಂತ್ರ ಹುಡುಕಿದರೆ ಸಿಗದು ನಿಜ. ಉಕ್ಕುವ ಮೊದಲೇ ಸರದಿ ಹಾಕಿ ಖಾಲಿ ಮಾಡಿಸಿದರೆ ರಾತ್ರಿಯ ಮನುಷ್ಯ ಬೇಕಾಗುವುದಿಲ್ಲ.

ಮೂರನೆಯದು, "ಖರ್ಚು ಜಾಸ್ತಿ." ಇದೊಂದೇ ಪ್ರಾಮಾಣಿಕ ಸಬೂಬು. ಯಂತ್ರದ ಬಾಡಿಗೆಗಿಂತ ಮನುಷ್ಯ ಅಗ್ಗ ಎಂಬ ಲೆಕ್ಕ. ಅಂಗಡಿಯಲ್ಲಿ ಪೈಸೆ ಪೈಸೆ ತೂಗುವವರು ಈ ತಕ್ಕಡಿಯನ್ನೂ ಪೂರ್ತಿ ತೂಗಲಿ. ಒಂದು ತಟ್ಟೆಯಲ್ಲಿ ಯಂತ್ರದ ಬಾಡಿಗೆ. ಇನ್ನೊಂದರಲ್ಲಿ ಜೈಲು, ದಂಡ, ಮೇಲೆ ಒಂದು ಮನೆಯ ಅನ್ನ.

ಹತ್ತು ಅಂಗಡಿ ಸೇರಿದರೆ ಈ ಖರ್ಚು ಯಾರ ಹೆಗಲಿಗೂ ಭಾರವಲ್ಲ. ಗಣೇಶನ ಹಬ್ಬಕ್ಕೆ ಚಂದಾ ಎತ್ತುವ ವರ್ತಕರ ಸಂಘಕ್ಕೆ ಇದು ದೊಡ್ಡ ಕೆಲಸವೂ ಅಲ್ಲ. ಪೇಟೆಯ ಗುಂಡಿಗಳ ಪಟ್ಟಿ ಮಾಡಿ, ಯಾವುದನ್ನು ಯಾವಾಗ ಖಾಲಿ ಮಾಡಿಸಬೇಕೆಂದು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಬಾಡಿಗೆ ಕರಾರಿನಲ್ಲಿ ಗುಂಡಿ ಖಾಲಿ ಮಾಡಿಸುವ ಖರ್ಚು ಯಾರದೆಂದು ಒಂದು ಸಾಲು ಸೇರಿಸಲಿ. ಚಪ್ಪಡಿಯ ಜಾಗದಲ್ಲಿ ಪೈಪು ಹೋಗುವಷ್ಟು ಮುಚ್ಚಳ ಇಡಿಸಲಿ. "ಇಲ್ಲಿ ಮನುಷ್ಯರನ್ನು ಇಳಿಸುವುದಿಲ್ಲ" ಎಂದು ಸಂಘದ ನಿರ್ಣಯ ಬರೆದು ಗೋಡೆಗೆ ಹಾಕಲಿ. ಫೋಟೋ ಮತ್ತು ಪಟ್ಟಿ ಹಿಡಿದು ಕೆಜಿಎಫ್‌ನಲ್ಲಿ ಒಬ್ಬ ಬಡವನ ಮಗ ಗಣಿ ಆಡಳಿತವನ್ನೇ ಅಲುಗಿಸಿದನಂತೆ. ಕ್ಯಾಲ್ಕ್ಯುಲೇಟರು, ಲೆಡ್ಜರು, ಮೊಬೈಲು ಇಟ್ಟುಕೊಂಡ ಪೇಟೆಗೆ ಒಂದು ಪಟ್ಟಿ ಕಷ್ಟವೇ?

ಬಸ್ಸಿಗೆ ಕಾಯುವವರಿಗೂ ಇದರಲ್ಲಿ ಪಾಲಿದೆ. ಸ್ಟ್ಯಾಂಡಿನ ಕಕ್ಕಸಿಗೆ ಕಾಸು ಕೊಟ್ಟು ಹೋಗುವ ಪ್ರಯಾಣಿಕ, ಗುಂಡಿಯ ಬಾಯಲ್ಲಿ ಹಗ್ಗ ಹಿಡಿದು ನಿಂತವರನ್ನು ಕಂಡರೆ ಮುಖ ತಿರುಗಿಸುವ ಬದಲು ಒಂದು ಫೋಟೋ ತೆಗೆದು ದೂರು ಕೊಡಬಹುದು. ಈ ಕಾನೂನಿನ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ ಇರಬೇಕು. ಸಮಿತಿಗೆ ದೂರು ಹೋದರೆ ತಾನೇ ಅದಕ್ಕೂ ಜಾಗೃತಿ?

ಇಳಿಯುವವನ ಹೊಟ್ಟೆಪಾಡು ಏನಾಗಬೇಕು ಎಂಬುದೂ ನ್ಯಾಯವಾದ ಪ್ರಶ್ನೆ. ಬೇರೆ ಉದ್ಯೋಗ, ಸಾಲ, ಮಕ್ಕಳ ವಿದ್ಯೆಗೆ ನೆರವು ಕೊಡಬೇಕೆಂದು ಕಾನೂನಿನಲ್ಲೇ ಬರೆದಿದೆ. ಕಾಗದದ ಮೇಲೆ ಇದ್ದದ್ದು ಕೈಗೆ ಬರಬೇಕಾದರೆ ಬೆನ್ನಿಗೆ ಜನ ಬೇಕು. ಬೆಂಗಳೂರಿನ ಪೌರಕಾರ್ಮಿಕರು ಗುತ್ತಿಗೆ ಪದ್ಧತಿ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದ ಮೇಲೆಯೇ 2025ರ ಮೇ 1ರಂದು 12,692 ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಯಾರೂ ಮನೆಗೆ ತಂದು ಕೊಡಲಿಲ್ಲ. ಅವನ ಮಗನಿಗೆ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕೆಲಸ ಕೊಡುವುದಕ್ಕೆ ಮಾತ್ರ ಯಾವ ಸರ್ಕಾರದ ಆದೇಶವೂ ಬೇಡ.

ಇಂಥ ಲೇಖನಗಳ ಕೊನೆಗೆ "ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?" ಎಂದು ಬರೆಯುವುದು ವಾಡಿಕೆ. ಈ ಸಲ ಸಂಬಂಧಪಟ್ಟವರು ವಿಧಾನಸೌಧದಲ್ಲಿಲ್ಲ. ಶಟರು ಎಳೆದು, ಗಲ್ಲಾ ಎಣಿಸಿ, ಆ ಕಾಲೋನಿಗೆ ಫೋನು ಹಚ್ಚಲು ಹೊರಟ ಕೈಯೇ ಸಂಬಂಧಪಟ್ಟದ್ದು. ಆ ಕೈ ಇವತ್ತು ರಾತ್ರಿ ತಡೆದರೆ, ನಾಳೆ ಬೆಳಿಗ್ಗೆ ಒಂದು ಮನೆಯಲ್ಲಿ ಒಲೆ ಉರಿಯುತ್ತದೆ.