ಊಟ ಬಲ್ಲೆವು, ಮಾತು ಬಲ್ಲೆವೇ?

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಮನೆಯ ಹಿರಿಯರು ಕನ್ನಡಕ ಎಲ್ಲಿಟ್ಟೆನೆಂದು ಹುಡುಕಿದರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ವಯಸ್ಸಾಯಿತಲ್ಲ ಎಂದು ನಕ್ಕು ಮುಂದೆ ಹೋಗುತ್ತೇವೆ. ಮನಸ್ಸಿನ ಸಮಾಧಾನಕ್ಕೆಂದು ರಾತ್ರಿ ನಾಲ್ಕು ಬಾದಾಮಿ ನೆನೆಹಾಕುತ್ತೇವೆ. ಊರಿನಿಂದ ತಂದೆತಾಯಿಯರನ್ನು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿರುವ ನಮ್ಮ ಮನೆಗಳಿಗೆ ಕರೆತಂದಿರುವ ನಾವು, ಇಷ್ಟರಿಂದಲೇ ನಮ್ಮ ಹೊಣೆ ಮುಗಿಯಿತೆಂದು ನಂಬಿದಂತಿದೆ. ಅದು ಮುಗಿದಿಲ್ಲ, ಅದರ ದೊಡ್ಡ ಭಾಗವನ್ನು ನಾವು ಇನ್ನೂ ಕೈಗೆತ್ತಿಕೊಂಡೇ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿ, ಅಂದರೆ 88 ಲಕ್ಷದಷ್ಟು ಜನ, ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಅಂಕಿ ದೊಡ್ಡದೇ. ಆದರೆ ಅದನ್ನು ಮಗುಚಿ ಓದಿದರೆ, ಅರವತ್ತು ದಾಟಿದ ಬಹುಪಾಲು ಜನರಿಗೆ ಈ ಕಾಯಿಲೆಯಿಲ್ಲ. ಅರಳುಮರಳು ವಯಸ್ಸಿನ ಸಹಜ ಫಲವಲ್ಲ. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ನೀಡಿದ ವರದಿಯ ಪ್ರಕಾರ, ಹದಿನಾಲ್ಕು ಕಾರಣಗಳನ್ನು ಪೂರ್ತಿಯಾಗಿ ನಿವಾರಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು 45 ಪ್ರತಿಶತವನ್ನು ತಡೆಯಬಹುದು ಅಥವಾ ಮುಂದೂಡಬಹುದು.

ಆ ಹದಿನಾಲ್ಕರ ಪಟ್ಟಿಯನ್ನು ನಮ್ಮ ಬಳಗದ ಪ್ರತಿಯೊಬ್ಬರೂ ಒಮ್ಮೆ ನಿಧಾನವಾಗಿ ಓದಬೇಕು. ಎಳವೆಯಲ್ಲಿ ದೊರೆಯದ ಶಿಕ್ಷಣ, ಕಿವುಡುತನ, ಕೆಟ್ಟ ಕೊಲೆಸ್ಟರಾಲ್, ಖಿನ್ನತೆ, ತಲೆಗೆ ಬಿದ್ದ ಪೆಟ್ಟು, ದೇಹಶ್ರಮವಿಲ್ಲದ ಬದುಕು, ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದೊತ್ತಡ, ಬೊಜ್ಜು, ಅತಿಯಾದ ಮದ್ಯಪಾನ, ಒಂಟಿತನ, ಕೆಟ್ಟ ಗಾಳಿ, ಚಿಕಿತ್ಸೆಯಿಲ್ಲದ ದೃಷ್ಟಿದೋಷ. ಇದರಲ್ಲಿ ಬಾದಾಮಿಯಿಲ್ಲ. ಆಹಾರವೂ ತನ್ನದೇ ಹೆಸರಿನಲ್ಲಿ ಇಲ್ಲ. ಅದು ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ಬೊಜ್ಜುಗಳ ಹಿಂಬಾಗಿಲಿನಿಂದ ಒಳಬರುತ್ತದೆ. ಕಿವಿ, ಕಣ್ಣು ಮತ್ತು ಒಂಟಿತನ ಮಾತ್ರ ತಮ್ಮದೇ ಹೆಸರಿನಲ್ಲಿ ನಿಂತಿವೆ.

ಇದರಿಂದ ಊಟ ಮುಖ್ಯವಲ್ಲವೆಂದು ಯಾರೂ ಭಾವಿಸಬಾರದು. ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ವರ್ಷಗಟ್ಟಲೆ ಹಾಳುಮಾಡುವುದು ಏರಿದ ರಕ್ತದೊತ್ತಡ ಮತ್ತು ಸಕ್ಕರೆ. ಇವೆರಡೂ ನಮ್ಮ ತಟ್ಟೆಯೊಂದಿಗೆ ನೇರ ಸಂಬಂಧವುಳ್ಳವು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚೆಯೊಳಗೆ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಫರಸಾಣಗಳ ನಡುವೆ ನಾವು ಈ ಮಿತಿಯನ್ನು ಮಧ್ಯಾಹ್ನದೊಳಗೇ ದಾಟಿರುತ್ತೇವೆ. ನಮ್ಮ ಹಿರಿಯರು ಊರಲ್ಲಿ ಉಣ್ಣುತ್ತಿದ್ದ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೊಪ್ಪು, ಅಗಸೆಯ ಚಟ್ನಿ, ಕರಾವಳಿಯವರಾದರೆ ಬಂಗುಡೆ, ಬೂತಾಯಿ, ಇವುಗಳಲ್ಲಿ ಯಾವುದಕ್ಕೂ ದುಬಾರಿ ಡಬ್ಬಿಯ ಪುಡಿಗಳ ಎದುರು ನಾಚಿಕೆಪಡುವ ಕಾರಣವಿಲ್ಲ. ಚಿಂತೆಯೆಂದರೆ, ನಗರಕ್ಕೆ ಬಂದ ಮೇಲೆ ಅದೇ ಹಿರಿಯರ ಮಧ್ಯಾಹ್ನದ ಊಟ ಅನ್ನ, ಸಾರಿಗೆ ಇಳಿದಿದೆ, ಸಂಜೆಯದು ಚಹಾ, ಬಿಸ್ಕತ್ತಿಗೆ ಇಳಿದಿದೆ.

ಹಾಗೆಯೇ ಊಟದಿಂದ ಎಲ್ಲವೂ ಸಾಧ್ಯವೆಂಬ ಭ್ರಮೆಯೂ ಬೇಡ. ಮಿದುಳಿಗೆಂದೇ ರೂಪಿಸಿದ 'ಮೈಂಡ್' ಆಹಾರಕ್ರಮವನ್ನು ಅಮೆರಿಕದಲ್ಲಿ 604 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷಿಸಿದರು. 2023ರಲ್ಲಿ ಬಂದ ಫಲಿತಾಂಶದಲ್ಲಿ, ಆ ಕ್ರಮ ಪಾಲಿಸಿದವರಿಗೂ ತಮ್ಮ ಎಂದಿನ ಊಟವನ್ನೇ ತುಸು ಕಡಿಮೆ ಮಾಡಿಕೊಂಡವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೆನಪಿನ ಶಕ್ತಿಗೆಂದು ವಿಟಮಿನ್ ಇ, ಬಿ ಗುಳಿಗೆಗಳನ್ನು ಎಲ್ಲರಿಗೂ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರ ತನ್ನ ಮಾರ್ಗಸೂಚಿಯಲ್ಲಿ ಅನುಮೋದಿಸಲಿಲ್ಲ. ಕೊರತೆಯಿದ್ದಲ್ಲಿ ಮಾತ್ರ ಮಾತು ಬೇರೆ. ಸಸ್ಯಾಹಾರಿಗಳಲ್ಲಿ, ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ-12 ಕಡಿಮೆಯಾಗುವುದುಂಟು. ಅದು ಮರೆವಿನಂತೆಯೇ ತೋರಿಕೊಳ್ಳಬಹುದು. ಒಂದು ರಕ್ತಪರೀಕ್ಷೆಯಿಂದ ತಿಳಿಯುವ, ಸಕಾಲದಲ್ಲಿ ಚಿಕಿತ್ಸೆಗೆ ಬಗ್ಗುವ ಈ ಕೊರತೆಯನ್ನು ಅರಳುಮರಳೆಂದು ಕರೆದು ಸುಮ್ಮನಾಗುವುದು ಅನ್ಯಾಯ.

ಈಗ ನಾವು ಕೈಗೆತ್ತಿಕೊಳ್ಳದ ಭಾಗಕ್ಕೆ ಬರೋಣ. ನಮ್ಮ ಬಳಗದ ಗೆಳೆಯರೊಬ್ಬರು ಧಾರವಾಡದ ಕಡೆಯಿಂದ ತಮ್ಮ ತಾಯಿಯನ್ನು ಮುಂಬಯಿಗೆ ಕರೆತಂದರು. ಊರಲ್ಲಿ ಓಣಿಯ ಪಂಚಾಯಿತಿಯನ್ನೆಲ್ಲ ಬಗೆಹರಿಸುತ್ತಿದ್ದ ಆಕೆ ಹನ್ನೊಂದನೆಯ ಮಹಡಿಯಲ್ಲಿ ಎರಡು ವರ್ಷದೊಳಗೆ ಮಾತು ನಿಲ್ಲಿಸಿದರು. ಮಗ ಮನೆಗೆ ಬರುವಾಗ ರಾತ್ರಿ ಒಂಬತ್ತು. ಮೊಮ್ಮಕ್ಕಳ ಮಾತು ಹಿಂದಿ, ಇಂಗ್ಲಿಷು. ಕೇಳಿದ್ದಕ್ಕೆ ಏನೋ ಉತ್ತರಿಸುತ್ತಾರೆಂದು ಕೊನೆಗೆ ವೈದ್ಯರಲ್ಲಿಗೆ ಕರೆದೊಯ್ದರು. ನೆನಪಿನ ಪರೀಕ್ಷೆ ಹಿಂದಿಯಲ್ಲಿ ನಡೆಯಿತು. ಇದು ಯಾವ ತಿಂಗಳೆಂಬ ಪ್ರಶ್ನೆಯನ್ನು ಮಗ ತಿಳಿಸಿ ಹೇಳಿದಾಗ ಆಕೆ ಸರಿಯಾಗಿಯೇ 'ಆಷಾಢ' ಎಂದರು. ನಮೂನೆಗೆ ಬೇಕಿದ್ದುದು ಜುಲೈ. ಅಂಕ ಹೋಯಿತು. ಮುಂದೆ ಕನ್ನಡ ಬಲ್ಲ ವೈದ್ಯರೊಬ್ಬರು ನೋಡಿದಾಗ, ಕಿವಿ ಅರ್ಧಕ್ಕರ್ಧ ಮಂದವಾಗಿದ್ದುದೂ ಬಿ-12 ಕಡಿಮೆಯಿದ್ದುದೂ ಗೊತ್ತಾಯಿತು. ಚಿಕಿತ್ಸೆಯಾದ ಮೇಲೆ ಆಕೆಯ ಮರೆವೆಲ್ಲ ಮಾಯವಾಯಿತೆಂದು ನಾವು ಹೇಳುವುದಿಲ್ಲ. ಸ್ವಲ್ಪ ಉಳಿದಿದೆ. ಆದರೆ ಮಾತು ಮರಳಿದೆ, ಜೊತೆಗೆ ಜಗಳವೂ.

ಇದು ಒಂದು ಮನೆಯ ಕತೆ ಮಾತ್ರವಲ್ಲ. ಕಿವಿ ಮಂದವಾದವರು ಮೊದಲು ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ, ಆಮೇಲೆ ಕೋಣೆಯಿಂದ ಹೊರಗೆ ಬರುವುದನ್ನು ಬಿಡುತ್ತಾರೆ. ಅಮೆರಿಕದಲ್ಲಿ 977 ಹಿರಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ರವಣಯಂತ್ರದಿಂದ ಎಲ್ಲರಿಗೂ ಲಾಭವಾದದ್ದು ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಬುದ್ಧಿಶಕ್ತಿಯ ಕುಸಿತ ಮೂರು ವರ್ಷಗಳಲ್ಲಿ 48 ಪ್ರತಿಶತದಷ್ಟು ನಿಧಾನವಾಯಿತು. ಕನ್ನಡಕ ಹಾಕಲು ನಾಚದ ನಾವು ಕಿವಿಯ ಯಂತ್ರಕ್ಕೆ ಏಕೆ ನಾಚಬೇಕು?

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಸಂಗತಿ ಮುಖ್ಯ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ಕಾಣದವರಲ್ಲೂ ಈ ಅಂತರವಿತ್ತು. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ಆದ್ದರಿಂದ ಇದನ್ನು ಔಷಧಿಯಂತೆ ಮಾರುವುದು ಸಲ್ಲದು. ಆದರೂ ಮನೆಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು ಎಂದು ದಿನವಿಡೀ ಭಾಷೆ ಬದಲಿಸುವ ನಮ್ಮ ಬದುಕನ್ನು ಹೊರೆಯೆಂದು ಗೊಣಗುವ ಮೊದಲು ಇದನ್ನು ನೆನೆಯಬೇಕು. ಮೊಮ್ಮಕ್ಕಳಿಗೆ ಕನ್ನಡ ಕಲಿಸುವ ಕೆಲಸವನ್ನು ಅಜ್ಜಿಗೇ ವಹಿಸಬೇಕು. ಭಾಷೆ ಉಳಿಯುತ್ತದೋ ಇಲ್ಲವೋ, ಅಜ್ಜಿಗೆ ದಿನಕ್ಕೊಂದು ಗಂಟೆ ಕೆಲಸವೂ ಕೇಳುವವರೂ ಸಿಗುತ್ತಾರೆ.

ಒಂಟಿತನಕ್ಕೆ ವಯಸ್ಸು, ನಗರ ಎರಡೂ ಕಾರಣ, ನಾವೇನು ಮಾಡಲಾದೀತು ಎಂದು ಕೆಲವರು ಕೇಳಬಹುದು. ಮಾಡಲಾಗುವುದು ಬಹಳವಿದೆ. ವಾರಕ್ಕೆ 150 ನಿಮಿಷದ ನಡಿಗೆಯನ್ನು ಹಿರಿಯರೊಬ್ಬರೇ ಮಾಡಲಿ ಎನ್ನುವ ಬದಲು ಜೊತೆಗೆ ಹೆಜ್ಜೆ ಹಾಕಬಹುದು. ಒಂದೇ ನಡಿಗೆಯಲ್ಲಿ ದೇಹಶ್ರಮವೂ ಮಾತೂ ಎರಡೂ ಆಗುತ್ತವೆ. ವೈದ್ಯರಲ್ಲಿಗೆ ಹೋದಾಗ ಕನ್ನಡದಲ್ಲಿ ಪರೀಕ್ಷೆ ಮಾಡಿರೆಂದು ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿರುವ ಇಂಥ ಪರೀಕ್ಷೆಗಳು ಕನ್ನಡದಲ್ಲೂ ಇವೆ.

ಕೊನೆಯದಾಗಿ ನಮ್ಮ ಸಂಘಗಳ ಮಾತು. ನಾವು ಕಾರ್ಯಕ್ರಮಗಳನ್ನು ರಾತ್ರಿ ಎಂಟಕ್ಕೆ, ಲಿಫ್ಟಿಲ್ಲದ ಸಭಾಗೃಹದ ಮೇಲಂತಸ್ತಿನಲ್ಲಿ ಏರ್ಪಡಿಸುತ್ತೇವೆ. ಆಮೇಲೆ ಹಿರಿಯರು ಬರುವುದಿಲ್ಲವೆಂದು ಕೊರಗುತ್ತೇವೆ. ತಿಂಗಳಿಗೊಂದು ಸಭೆಯನ್ನಾದರೂ ಮಧ್ಯಾಹ್ನ ಮೂರಕ್ಕೆ, ನೆಲಮಾಳಿಗೆಯೋ ಮೇಲ್ಮಾಳಿಗೆಯೋ ಅಲ್ಲದ ಜಾಗದಲ್ಲಿ, ಒಳ್ಳೆಯ ಧ್ವನಿವರ್ಧಕವಿಟ್ಟು ನಡೆಸೋಣ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸುವುದಕ್ಕಿಂತ, ಅವರ ಕೈಗೆ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿಸೋಣ, ಊರಿನ ಕತೆ ಹೇಳಿಸೋಣ, ಸಭೆಯ ಲೆಕ್ಕ ಬರೆಸೋಣ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿಂದಿನವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ನಾವು ಮೊದಲಿನದನ್ನು ಮಾತ್ರ ಹಿಡಿದುಕೊಂಡು ಹಿರಿಯರ ತಟ್ಟೆಗೆ ಏನೇನೋ ಬಡಿಸುತ್ತ ಬಂದೆವು. ಇನ್ನು ಮೇಲೆ ಆ ತಟ್ಟೆಯ ಎದುರು ನಾವೂ ಕೂರಬೇಕು, ಮೊಬೈಲನ್ನು ಒಳಗಿಟ್ಟು.