ಆರೋ, ಏಳೋ?

ಕಳೆದ ಭಾನುವಾರ ತಂಗಿಯ ಮಗಳ ಮನೆಗೆ ಹೋದಾಗ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನೂ ಹಳೆಯ ಕಾಲೇಜು ಪುಸ್ತಕವನ್ನೂ ಹರಡಿಕೊಂಡು ಆಕೆ ಅಳುಮುಖ ಮಾಡಿ ಕುಳಿತಿದ್ದಳು. ಬಿ.ಎಸ್‌ಸಿ. ಮುಗಿಸಿ ಎಂಟು ವರ್ಷ ಸಂಸಾರದಲ್ಲಿ ಮುಳುಗಿದ್ದವಳು, ಈಗ ಎರಡು ತಿಂಗಳಿಂದ, ಮಗು ನಿದ್ರೆಹೋದ ಮೇಲೆ, ಗುರುವಿಲ್ಲದೆ ತಾನೇ ಬಯೋಇನ್ಫರ್ಮ್ಯಾಟಿಕ್ಸ್ ಅಭ್ಯಾಸಕ್ಕೆ ತೊಡಗಿದ್ದಾಳೆ.

“ಈ ವಿದ್ಯೆ ನನಗೆ ಒಲಿಯದು ಮಾವ. ಇಂದಿಗೆ ಮುಚ್ಚಿಬಿಡುತ್ತೇನೆ” ಎಂದಳು.

ಓದುಗರಿಗೆ ಈ ವಿದ್ಯೆಯನ್ನು ಎರಡು ಮಾತಿನಲ್ಲಿ ಪರಿಚಯಿಸಬೇಕು. ನಮ್ಮ ಶರೀರದ ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳು. ಒಂದೊಂದು ಮಣಿಗೂ ಒಂದೊಂದು ಅಕ್ಷರವಿಟ್ಟರೆ ಇಡೀ ಸರವನ್ನು ಬರೆದಿಡಬಹುದು. ಅಮೆರಿಕದ ಮಾರ್ಗರೆಟ್ ಡೇಹಾಫ್ ಎಂಬ ವಿದುಷಿ ೧೯೬೫ರಲ್ಲಿ ಇಂತಹ ಸರಗಳನ್ನು ಸಂಗ್ರಹಿಸಿದಾಗ ಅವೆಲ್ಲ ಒಂದೇ ಪುಸ್ತಕದಲ್ಲಿ ಅಡಗಿದ್ದವು. ಇಂದು ಅದಕ್ಕೆ ಯಾವ ಕಪಾಟೂ ಸಾಲದು. ಪ್ರೋಟೀನುಗಳಿಗೆ ಯುನಿಪ್ರಾಟ್, ವಂಶವಾಹಿಗಳಿಗೆ ೧೯೮೨ರಲ್ಲಿ ಆರಂಭವಾದ ಜೆನ್‌ಬ್ಯಾಂಕ್ ಎಂದು ಕಂಪ್ಯೂಟರಿನ ಭಂಡಾರಗಳೇ ಇವೆ. ಬಾಗಿಲಿಗೆ ಬೀಗವಿಲ್ಲ, ಪ್ರವೇಶಕ್ಕೆ ಶುಲ್ಕವಿಲ್ಲ. ಬಳಸುವ ಬಗೆಯನ್ನು ಕಲಿಸುವ ಪಾಠಗಳನ್ನೂ ಇಂಗ್ಲೆಂಡಿನ ಹಿಂಕ್ಸ್‌ಟನ್ನಿನಲ್ಲಿರುವ ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಉಚಿತವಾಗಿ ಒದಗಿಸಿದೆ.

ಹಾಗಿದ್ದರೆ ತೊಡಕೇನು? ರಕ್ತಕಣಗಳನ್ನು ಕುಡುಗೋಲಿನಂತೆ ಬಾಗಿಸುವ ರೋಗವೊಂದುಂಟು. ನಮ್ಮ ಸೋಲಿಗರಲ್ಲಿಯೂ ಅದು ಕಾಣುತ್ತದೆ. ಹಿಮೋಗ್ಲೋಬಿನ್ನಿನ ಬೀಟಾ ಸರದಲ್ಲಿ ಆರನೆಯ ಮಣಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಆಗುವುದೇ ಅದರ ಮೂಲವೆಂದು ಕಾಲೇಜು ಪುಸ್ತಕ ಹೇಳುತ್ತದೆ. ಯುನಿಪ್ರಾಟ್ ಮಾತ್ರ ಏಳನೆಯದು ಎನ್ನುತ್ತದೆ!

“ಒಂದೋ ಪುಸ್ತಕ ತಪ್ಪು, ಇಲ್ಲವೇ ನಾನು ದಡ್ಡಿ.”

ನನಗೆ ವಿಜ್ಞಾನ ತಿಳಿಯದು. ಆದರೆ ಹನ್ನೊಂದನೆಯ ದಿನದ ನಾಮಕರಣಕ್ಕೆ ಹುಟ್ಟಿದ ದಿನವನ್ನು ಸೇರಿಸಿ ಎಣಿಸಬೇಕೋ ಬಿಟ್ಟೋ ಎಂದು ನನ್ನ ತಾಯಿ ಪುರೋಹಿತರೊಡನೆ ವಾದಿಸುತ್ತಿದ್ದುದು ನೆನಪಾಯಿತು.

“ಎಣಿಕೆಯನ್ನು ಎಲ್ಲಿಂದ ಆರಂಭಿಸಿದ್ದಾರೆ, ನೋಡಮ್ಮ” ಎಂದೆ.

ಆಕೆ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಸಿಕ್ಕಿತು! ಸರದ ಮೊದಲ ಮಣಿ ಮೆಥಿಯೋನಿನ್. ಸರ ಪೋಣಿಸಲು ಅದು ಬೇಕು. ಆಮೇಲೆ ದೇಹವೇ ಅದನ್ನು ಕಳಚಿಬಿಡುತ್ತದೆ. ರಕ್ತದಿಂದ ಹಿಮೋಗ್ಲೋಬಿನ್ ತೆಗೆದು ಪರೀಕ್ಷಿಸಿದ ಹಿಂದಿನವರು ೧೪೬ ಮಣಿಗಳನ್ನು ಕಂಡರು. ವಂಶವಾಹಿಯ ಬರಹವನ್ನು ಅನುಸರಿಸುವ ಭಂಡಾರ ೧೪೭ ಎಣಿಸುತ್ತದೆ. ಅವರ ಆರು, ಇವರ ಏಳು, ಎರಡೂ ಸತ್ಯ.

ಎದುರಿಗೆ ಅಧ್ಯಾಪಕರಿದ್ದರೆ ಒಂದೇ ನಿಮಿಷದಲ್ಲಿ ಹೇಳಿಬಿಡುತ್ತಿದ್ದರು, ನಿಜ. ಒಬ್ಬಳೇ ಕಲಿಯುವವಳಿಗೆ “ನೀನು ದಡ್ಡಿಯಲ್ಲ” ಎನ್ನುವವರು ಪಕ್ಕದಲ್ಲಿರುವುದಿಲ್ಲ. ಅದೇ ದೊಡ್ಡ ಕಷ್ಟ. ಲೆಕ್ಕ ತಾಳೆಯಾಗದ ರಾತ್ರಿಯೇ ಎಷ್ಟೋ ಮಂದಿ ಪುಸ್ತಕ ಮುಚ್ಚುತ್ತಾರೆ. ಪಾಠ ಆರಂಭವಾಗುವುದು ಅಲ್ಲಿಂದಲೇ ಎಂದು ಅವರಿಗೆ ಹೇಳುವವರು ಯಾರು?

ನಾನು ಹೊರಟಾಗ ಆಕೆ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಬಾಗಿಲವರೆಗೆ ಬಂದು ಬೀಳ್ಕೊಡುವುದನ್ನೂ ಮರೆತಿದ್ದಳು. ನನಗೆ ಬೇಸರವಾಗಲಿಲ್ಲ.