ಕತ್ತಲಲ್ಲಿ ನಿಂತ ಲಾರಿ: ಹೆದ್ದಾರಿ ಸಚಿವರಿಗೊಂದು ಬಹಿರಂಗ ಪತ್ರ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರಿಗೆ,



ಬೈಕ್ ಸವಾರ ಹೆದ್ದಾರಿಯಲ್ಲಿ ಸತ್ತರೆ ಜನರ ಬಾಯಲ್ಲಿ ಬರುವ ಮೊದಲ ಮಾತು, ‘ಸ್ಪೀಡಾಗಿ ಹೋಗ್ತಿದ್ನಂತೆ’. ನಮ್ಮ ಗೆಳೆಯ ತೀರಿಕೊಂಡಾಗಲೂ ಅದೇ ಮಾತು ಬಂತು. ಸಾವಿನ ಮನೆಯಲ್ಲಿ ಅವನ ತಾಯಿಯ ಕಿವಿಗೂ ಬಿತ್ತು. ಪೊಲೀಸ್ ಕಾಗದದಲ್ಲೂ ‘ಅತಿವೇಗ ಮತ್ತು ಅಜಾಗರೂಕತೆ’ ಎಂದೇ ಇತ್ತು. ದೀಪವಿಲ್ಲದೆ ನಡುರಸ್ತೆಯಲ್ಲೇ ನಿಂತಿದ್ದ ಲಾರಿಯ ಸಂಗತಿ ಅದರಲ್ಲಿ ಒಂದು ಸಾಲಿಗೆ ಮುಗಿದಿತ್ತು. ಠಾಣೆ ಯಾವುದು, ಲಾರಿ ಯಾರದು ಎಂಬ ವಿವರ ಈ ಪತ್ರಕ್ಕೆ ಬೇಡ.

ಅವನನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಅವನೇನೂ ಶಾಲೆಯಲ್ಲಿ ಪಾಠ ಹೇಳುತ್ತಿರಲಿಲ್ಲ. ಹೊಸಬರನ್ನು ತಿದ್ದುವ ಚಾಳಿ ಇತ್ತು, ಅಷ್ಟೆ. ಗುಂಪಿನ ರೈಡ್ ಹೊರಟರೆ ಎಲ್ಲರಿಗೂ ಮುಂದಿರುವ ಆಸೆ. ಅವನು ಕೇಳಿ ಪಡೆಯುತ್ತಿದ್ದುದು ಕೊನೆಯ ಜಾಗ. ನಮ್ಮಲ್ಲಿ ಅದಕ್ಕೆ ಸ್ವೀಪ್ ಅನ್ನುತ್ತೇವೆ. ಯಾರದಾದರೂ ಚೈನ್ ಸಡಿಲವಾದರೆ, ಯಾರಿಗಾದರೂ ಕಣ್ಣು ಎಳೆದರೆ ನೋಡಿಕೊಳ್ಳುವವನು ಸ್ವೀಪ್‌ನವನೇ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ನಾವು ಕೈ ತೊಳೆದು ಕೂತಿರುತ್ತಿದ್ದೆವು, ಅವನು ಒಂದೊಂದೇ ಬೈಕಿನ ಟೈರಿನ ಮೇಲೆ ಕೈಯಾಡಿಸುತ್ತ ಬರುತ್ತಿದ್ದ. ‘ಮೂರನೇ ಇಡ್ಲಿ ಬೇಡ ಕಣ್ರೋ, ಸಿರಾ ದಾಟೋದರೊಳಗೆ ತೂಕಡಿಕೆ ಬರುತ್ತೆ’ ಅನ್ನುತ್ತಿದ್ದ. ಬಯ್ದುಕೊಂಡೇ ತಟ್ಟೆ ಸರಿಸುತ್ತಿದ್ದೆವು.

ಬೆಂಗಳೂರಿನಿಂದ ಪುಣೆಗೆ ಹೋಗಿ ದಿನ ತುಂಬುವುದರೊಳಗೆ ವಾಪಸ್ಸಾಗುವ ಹುಚ್ಚೊಂದು ನಮಗಿದೆ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಕೊಡುವ ‘ಸ್ಯಾಡಲ್‌ಸೋರ್’ ಪ್ರಮಾಣಪತ್ರ ಸಿಗಬೇಕಾದರೆ 24 ಗಂಟೆಯಲ್ಲಿ ಸಾವಿರ ಮೈಲಿ, ಅಂದರೆ ಸುಮಾರು 1,610 ಕಿ.ಮೀ. ಓಡಿಸಬೇಕು. ಕೇಳಿದವರು ಇದನ್ನು ರೇಸ್ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಸರಾಸರಿ ಗಂಟೆಗೆ 67 ಕಿ.ಮೀ. ಅಷ್ಟೆ. ಇಲ್ಲಿ ಹಾರಿ ಹೋದವನು ಸೋಲುತ್ತಾನೆ. ಒಂದೇ ಹದದಲ್ಲಿ ಓಡಿಸಿ, ನೀರು ಕುಡಿದು, ಪೆಟ್ರೋಲ್ ಬಂಕಿನಲ್ಲಿ ಹೊತ್ತು ಕಳೆಯದೆ ಹೊರಟವನು ಮುಗಿಸುತ್ತಾನೆ. ಬಂಕಿನ ಬಿಲ್ಲುಗಳೇ ಸಾಕ್ಷಿ. ಅದರ ಅಕ್ಷರ ಬೇಗ ಮಾಸುತ್ತದೆಂದು, ಬಿಲ್ಲನ್ನು ಓಡೋಮೀಟರಿನ ಪಕ್ಕ ಹಿಡಿದು ಅಲ್ಲೇ ಫೋಟೊ ತೆಗೆಯುವುದನ್ನು ನಮಗೆಲ್ಲ ಕಲಿಸಿದ್ದು ಮೇಷ್ಟ್ರೇ. ಅವನು ಆ ಸಾವಿರ ಮೈಲಿ ಮುಗಿಸಿದ್ದು 80ರ ಆಸುಪಾಸಿನ ವೇಗದಲ್ಲಿ. ‘ಅತಿವೇಗ’ ಎಂಬ ಷರಾ ಬಿದ್ದಿದ್ದು ಇಂಥವನ ಹೆಸರಿನ ಮುಂದೆ.

ನಿಮ್ಮ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಒಟ್ಟು ಸಾವುಗಳಲ್ಲಿ ಶೇ 71ಕ್ಕೂ ಹೆಚ್ಚಿನವಕ್ಕೆ ಕೊಟ್ಟಿರುವ ಕಾರಣ ಅತಿವೇಗ. ವೇಗ ಕೊಲ್ಲುತ್ತದೆ, ನಮ್ಮಲ್ಲೂ ಕೊಂದಿದೆ; ಅದರ ಬಗ್ಗೆ ತಕರಾರಿಲ್ಲ. ಆದರೆ ಕಾರಣದ ಖಾನೆಯಲ್ಲಿ ವೇಗ ಎಂದು ಬರೆದ ಮೇಲೆ ಲಾರಿ ಅಲ್ಲೇಕೆ ನಿಂತಿತ್ತು ಎಂದು ಯಾರೂ ಕೇಳುವುದಿಲ್ಲ.

ಕೇಂದ್ರದ 2018ರ ಅಧಿಸೂಚನೆಯಂತೆ ಚತುಷ್ಪಥ ಹೆದ್ದಾರಿಯಲ್ಲಿ ಬೈಕಿನ ವೇಗಮಿತಿ 80. ಆ ವೇಗದಲ್ಲಿ ಬೈಕು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಂಡದ್ದು ತಲೆಗೆ ಹತ್ತಿ, ಬ್ರೇಕ್ ಹಿಡಿದು, ನಿಲ್ಲಲು ಸುಮಾರು ಎಪ್ಪತ್ತು ಮೀಟರ್ ಬೇಕು. ಡಿಪ್ ಲೈಟ್ ನಲವತ್ತು, ಐವತ್ತು ಮೀಟರಿಗಿಂತ ಮುಂದೆ ಏನನ್ನೂ ಸರಿಯಾಗಿ ತೋರಿಸದು. ನಡುವಿನ ಡಿವೈಡರಿನಲ್ಲಿ ಕಣಗಿಲೆ ಒಣಗಿಹೋದ ಕಡೆ ಎದುರಿನ ಬಸ್ಸಿನ ಬೆಳಕು ನೇರ ಕಣ್ಣಿಗೇ ಹೊಡೆಯುತ್ತದೆ. ಆ ಹೊತ್ತಿನಲ್ಲಿ ಲಾರಿಯ ಬೆನ್ನು ಹೇಗಿರುತ್ತದೆ ಎಂದು ಒಮ್ಮೆ ಬಗ್ಗಿ ನೋಡಿ: ಹಿಂದಿನ ದೀಪಗಳ ಮೇಲೆ ಗಟ್ಟಿಯಾದ ಕೆಸರು, ನಿಯಮದಂತೆ ಹೊಳೆಯಬೇಕಾದ ಕೆಂಪು ಪಟ್ಟಿ ಅರ್ಧ ಕಿತ್ತು ಉಳಿದರ್ಧ ಗ್ರೀಸಿನಲ್ಲಿ ಮುಚ್ಚಿಹೋಗಿರುತ್ತದೆ. ಎಚ್ಚರಿಕೆಗೆಂದು ಇಟ್ಟಿರುವುದು ನಾಲ್ಕು ಕಲ್ಲು, ಒಂದು ಹೊಂಗೆ ಕೊಂಬೆ. ರಿಪೇರಿಯಾದ ಮೇಲೆ ಲಾರಿ ಹೊರಡುತ್ತದೆ, ಕಲ್ಲು ಮುಂದಿನ ಬೈಕಿಗೆ ಉಳಿಯುತ್ತದೆ.

ಲಾರಿ ಚಾಲಕರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಆಕ್ಸಲ್ ಮುರಿದುಕೊಂಡವನು ಮೆಕ್ಯಾನಿಕ್ ಬರುವವರೆಗೆ ಲೋಡು ಬಿಟ್ಟು ಎಲ್ಲಿಗೆ ಹೋಗಬೇಕು? ಲಾರಿ ನಿಲ್ಲಿಸಲೆಂದೇ ಮಾಡಿದ ಜಾಗ ರಾತ್ರಿ ಹತ್ತಕ್ಕೇ ತುಂಬಿರುತ್ತದೆ. ನಿದ್ದೆಗೆಟ್ಟವನು ಅಂಚಿನಲ್ಲೇ ಎಳೆದು ನಿಲ್ಲಿಸುತ್ತಾನೆ. ಗಾಲಿ ಬಿಚ್ಚುತ್ತ ಕೂತ ಕ್ಲೀನರ್ ಹುಡುಗನ ಮೇಲೂ ವಾಹನ ಹರಿದದ್ದುಂಟು.

ಕಾನೂನಿಗೇನೂ ಕೊರತೆಯಿಲ್ಲ. ಅಪಾಯವಾಗುವಂತೆ ವಾಹನ ಬಿಟ್ಟುಹೋಗುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ನಿಷೇಧಿಸುತ್ತದೆ. ಸಂಚಾರಕ್ಕೆ ಅಪಾಯ ತರುವಂತೆ ಬಿಟ್ಟುಹೋದ ವಾಹನವನ್ನು ಕೂಡಲೇ ಎಳೆಸುವ ಅಧಿಕಾರವನ್ನು 127ನೇ ಸೆಕ್ಷನ್ ಪೊಲೀಸರಿಗೆ ಕೊಟ್ಟಿದೆ. ಟೋಲ್ ರಸ್ತೆಗಳಲ್ಲಿ ಗಸ್ತು ವಾಹನವಿದೆ, ಕ್ರೇನ್ ಇದೆ, 1033 ಸಹಾಯವಾಣಿ ಇದೆ. ಗಾಯಾಳುಗಳಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ, ಅದಕ್ಕೆ ಧನ್ಯವಾದ. ಆದರೆ ನಿಂತ ಲಾರಿಗೆ ಗುದ್ದಿದ ಬೈಕಿನವನು ಆಸ್ಪತ್ರೆಯವರೆಗೆ ಬದುಕಿರುವುದೇ ಅಪರೂಪ.

ಬೈಕಿನವರನ್ನು ರಸ್ತೆಯಿಂದಲೇ ಹೊರಗಿಡುವ ದಾರಿಯೂ ಇದೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ನಮಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ. ಅಲ್ಲಿ ಅದಕ್ಕೆ ಕಾರಣಗಳಿದ್ದವು, ಒಪ್ಪೋಣ. ದೇಶದ ಎಲ್ಲ ಹೆದ್ದಾರಿಗೂ ಅದೇ ಔಷಧಿ ಆಗಲಾರದು.

ನಮ್ಮ ಕೋರಿಕೆ ಎರಡೇ. ಕೆಟ್ಟು ನಿಂತ ವಾಹನದ ಬಗ್ಗೆ ಕಳೆದ ತಿಂಗಳು 1033ಕ್ಕೆ ಬಂದ ಕರೆಗಳೆಷ್ಟು, ಪ್ರತಿಯೊಂದನ್ನೂ ತೆರವು ಮಾಡಲು ಹಿಡಿದ ಸಮಯವೆಷ್ಟು ಎಂಬುದನ್ನು ಪ್ರತಿ ಟೋಲ್ ಗೇಟಿನಲ್ಲೂ ಬೋರ್ಡಿನ ಮೇಲೆ ಬರೆಸಿ. ಮತ್ತು ನಿಂತ ವಾಹನಕ್ಕೆ ಗುದ್ದಿದ ಪ್ರತಿ ಪ್ರಕರಣದಲ್ಲೂ ಅದರ ದೀಪ, ಪ್ರತಿಫಲಕ ಪಟ್ಟಿ, ಅದು ನಿಂತಿದ್ದ ಅವಧಿ, ಈ ಮೂರೂ ಫೋಟೊ ಸಮೇತ ಅಪಘಾತ ವರದಿಯಲ್ಲಿ ದಾಖಲಾಗುವುದನ್ನು ಕಡ್ಡಾಯ ಮಾಡಿ. ಇವಕ್ಕೆ ಹೊಸ ಕಾಯ್ದೆ ಬೇಕಿಲ್ಲ, ತಮ್ಮ ಒಂದು ಆದೇಶ ಸಾಕು. ಮುಂದಿನ ಮಳೆಗಾಲಕ್ಕೆ ಮುಂಚೆ ಅದನ್ನು ಹೊರಡಿಸಿ.

ಇತಿ,
ಬೆಂಗಳೂರಿನ ಒಬ್ಬ ಬೈಕ್ ಸವಾರ